ಕುದುರೆ ಟ್ರೇಲರ್‌ಗೆ ತಕ್ಕ ವಾಹನ

ಕುದುರೆ ಟ್ರೇಲರ್ ಎಂದರೆ ಒಂದರಿಂದ ನಾಲ್ಕೈದು ಕುದುರೆಗಳನ್ನು ನಿಂತಂತೆಯೇ ಸಾಗಿಸಲು ಕಟ್ಟಿದ, ಸ್ವಂತ ಎಂಜಿನ್ ಇಲ್ಲದ, ಇನ್ನೊಂದು ವಾಹನದ ಹಿಂಬದಿಗೆ ಕೊಂಡಿ ಹಾಕಿ ಎಳೆಯುವ ಮುಚ್ಚಿದ ಬಂಡಿ. ಆಸ್ಟ್ರೇಲಿಯದಲ್ಲಿ ಇದನ್ನು ಫ್ಲೋಟ್ ಎನ್ನುತ್ತಾರೆ. ಅಮೆರಿಕ, ಬ್ರಿಟನ್, ಜರ್ಮನಿ, ಆಸ್ಟ್ರೇಲಿಯಗಳಲ್ಲಿ ಕುದುರೆ ಸಾಕುವುದು ಸಿರಿವಂತರಿಗೆ ಮಾತ್ರ ಸೇರಿದ ಹವ್ಯಾಸವಲ್ಲ. ಹಳ್ಳಿಗಾಡಿನ ಸಾಧಾರಣ ಮನೆಗಳವರೂ ಒಂದೆರಡು ಕುದುರೆ ಇಟ್ಟುಕೊಂಡು ವಾರಾಂತ್ಯದ ಸ್ಪರ್ಧೆಗೆ, ಕಾಡುದಾರಿಯ ಸವಾರಿಗೆ, ಪಶುವೈದ್ಯರಲ್ಲಿಗೆ ತಾವೇ ಕರೆದೊಯ್ಯುತ್ತಾರೆ. ಹಾಗೆ ಹೊರಟವರು ಮೊದಲು ಕೇಳುವುದು, ನಮ್ಮ ವಾಹನ ಇಷ್ಟು ತೂಕ ಎಳೆದೀತೇ ಎಂದು. ವಾಹನ ತಯಾರಕರ ಜಾಹೀರಾತುಗಳೂ ಆ ಪ್ರಶ್ನೆಗೇ ಒಂದು ದೊಡ್ಡ ಅಂಕಿಯಲ್ಲಿ ಉತ್ತರ ಕೊಡುತ್ತವೆ. ಆದರೆ ಎಳೆಯುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಸುಲಭದ ಭಾಗ. ಸಮತಟ್ಟು ರಸ್ತೆಯಲ್ಲಿ ನಿಧಾನವಾಗಿ ಎಳೆಯಲು ಸಾಧಾರಣ ಎಂಜಿನ್ನೂ ಸಾಕು. ಎಳೆದದ್ದನ್ನು ನಿಲ್ಲಿಸುವುದು, ಇಳಿಜಾರಿನಲ್ಲಿ ತಡೆದು ಹಿಡಿಯುವುದು, ಪಕ್ಕದಲ್ಲಿ ಲಾರಿ ನುಗ್ಗಿದಾಗ ನೇರವಾಗಿ ಉಳಿಸುವುದು ಕಷ್ಟ. ಆದ್ದರಿಂದ ವಾಹನದ ಆಯ್ಕೆಯನ್ನು ಎಳೆಯುವ ಸಾಮರ್ಥ್ಯದಿಂದ ಆರಂಭಿಸುವುದು ಲೆಕ್ಕವನ್ನು ತಲೆಕೆಳಗಾಗಿ ಮಾಡಿದಂತೆ ಎಂಬುದು ಈ ಲೇಖನದ ವಾದ. ಲೆಕ್ಕ ಕುದುರೆಯಿಂದ ಆರಂಭವಾಗಿ ಕೊಂಡಿ, ಅಚ್ಚು, ಬ್ರೇಕುಗಳ ಮೂಲಕ ಎಂಜಿನ್ನಿಗೆ ಬರಬೇಕು. ಎಂಜಿನ್ನಿನ ಸರದಿ ಕೊನೆಯದು.

ಕುದುರೆಯನ್ನೇ ಬಂಡಿಯಲ್ಲಿ ಕೂಡಿ ಸಾಗಿಸುವ ಯೋಚನೆ ಮೋಟಾರಿಗಿಂತ ಹಳೆಯದು. 1836ರಲ್ಲಿ ಇಂಗ್ಲೆಂಡಿನ ಲಾರ್ಡ್ ಜಾರ್ಜ್ ಬೆಂಟಿಂಕ್ ತನ್ನ ಎಲಿಸ್ ಎಂಬ ಕುದುರೆಯನ್ನು ದಕ್ಷಿಣದ ಗುಡ್‌ವುಡ್‌ನಿಂದ ಉತ್ತರದ ಡಾನ್‌ಕಾಸ್ಟರಿಗೆ ವಿಶೇಷವಾಗಿ ಮಾಡಿಸಿದ ಗಾಡಿಯಲ್ಲಿ ಕಳಿಸಿದ. ಅದನ್ನು ಎಳೆದವೂ ಕುದುರೆಗಳೇ. ಆ ಕಾಲದಲ್ಲಿ ಪಂದ್ಯದ ಕುದುರೆಗಳು ಊರಿಂದೂರಿಗೆ ನಡೆದೇ ಹೋಗಬೇಕಿದ್ದುದರಿಂದ ಎಲಿಸ್ ಸಮಯಕ್ಕೆ ಮುಟ್ಟಲಾರದೆಂದು ಬಾಜಿಗಾರರು ನಂಬಿದ್ದರು. ದಣಿಯದೆ ಬಂದಿಳಿದ ಕುದುರೆ ಆ ವರ್ಷದ ಸೇಂಟ್ ಲೆಜರ್ ಪಂದ್ಯ ಗೆದ್ದಿತು. ಸಾಗಣೆಯ ಗುರಿ ತಲುಪಿಸುವುದಷ್ಟೇ ಅಲ್ಲ, ಇಳಿದ ಮೇಲೂ ಕುದುರೆ ಓಡುವ ಸ್ಥಿತಿಯಲ್ಲಿರಬೇಕು ಎಂಬ ಅಳತೆಗೋಲು ಅಲ್ಲೇ ಕಾಣುತ್ತದೆ.

ಮೊದಲು ತೂಕ. ಸವಾರಿಯ ಸಾಧಾರಣ ಕುದುರೆ 450ರಿಂದ 550 ಕಿ.ಗ್ರಾಂ ತೂಗುತ್ತದೆ. ಪೋನಿಗಳು ಅದರ ಅರ್ಧದಷ್ಟಿರಬಹುದು. ಹೊಲ ಉಳಲು ಬೆಳೆಸಿದ ಭಾರಿ ತಳಿಗಳು 800 ಕಿ.ಗ್ರಾಂ ದಾಟುತ್ತವೆ. ಎರಡು ಕುದುರೆ ಹಿಡಿಯುವ, ಮುಂದೆ ಜೀನು ಇಡಲು ಪುಟ್ಟ ಕೋಣೆಯುಳ್ಳ ಅಮೆರಿಕದ ಟ್ರೇಲರ್ ಖಾಲಿಯಿದ್ದಾಗ ಸುಮಾರು 1,450 ಕಿ.ಗ್ರಾಂ ಎಂದಿಟ್ಟುಕೊಳ್ಳೋಣ. ತಲಾ 500 ಕಿ.ಗ್ರಾಂನ ಎರಡು ಕುದುರೆ ಹತ್ತಿದರೆ 2,450. ಜೀನು, ಲಗಾಮು, ಒಣಹುಲ್ಲಿನ ಕಟ್ಟು, ನೀರಿನ ಕ್ಯಾನು, ನೆಲಕ್ಕೆ ಹಾಸಿದ ರಬ್ಬರ್ ಚಾಪೆ, ಬಿಡಿ ಚಕ್ರ ಸೇರಿ ಇನ್ನೊಂದು 150. ಒಟ್ಟು 2,600 ಕಿ.ಗ್ರಾಂ. ತಯಾರಕರ ಕೈಪಿಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಖಾಲಿ ತೂಕ. ಅದಕ್ಕೆ ಚಾಪೆ, ಬೇರ್ಪಡೆಯ ತಡಿಕೆಗಳು ಸೇರಿವೆಯೋ ಇಲ್ಲವೋ ಎಂಬುದೂ ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಹೀಗಾಗಿ ಕೈಪಿಡಿಯ ಮಾತಿಗಿಂತ ವೇ ಬ್ರಿಜ್ಜಿನ ಚೀಟಿ ನಂಬಿಕಸ್ತ. ಅಲ್ಯೂಮಿನಿಯಂ ಟ್ರೇಲರ್ ಹಗುರವೆಂಬ ಮಾತಿನಲ್ಲಿ ಸತ್ಯವಿದ್ದರೂ ಉಳಿತಾಯ ಅಂದುಕೊಂಡಷ್ಟು ಇರುವುದಿಲ್ಲ, ಏಕೆಂದರೆ ಉಕ್ಕಿನಷ್ಟೇ ಬಲ ಬರಬೇಕಾದರೆ ಅಲ್ಯೂಮಿನಿಯಂ ಹೆಚ್ಚು ದಪ್ಪವಿರಬೇಕು. ಕುದುರೆಯ ತೂಕವಂತೂ ಯಾವ ಲೋಹದಿಂದಲೂ ಇಳಿಯದು.

ಈ 2,600 ಕಿ.ಗ್ರಾಂನಲ್ಲಿ 1,000 ಕಿ.ಗ್ರಾಂ ಜೀವಂತವಾಗಿದೆ, ನಾಲ್ಕು ಕಾಲಿನ ಮೇಲೆ ನಿಂತಿದೆ ಎಂಬುದೇ ಈ ಹೊರೆಯನ್ನು ಸಿಮೆಂಟ್ ಮೂಟೆಗಳಿಂದ ಬೇರೆ ಮಾಡುವುದು. ಮೂಟೆಗಳು ನೆಲಕ್ಕಂಟಿ ಕೂರುತ್ತವೆ. ಕುದುರೆಯ ಮೈಭಾರ ನೆಲದಿಂದ ಮೀಟರಿಗೂ ಮೇಲೆ ನಿಂತು ತೂಗಾಡುತ್ತದೆ. ತಿರುವು ಬಂದಾಗ ಅದು ಕಾಲು ಅಗಲಿಸಿ ಎದುರು ದಿಕ್ಕಿಗೆ ಒರಗುತ್ತದೆ. ಬ್ರೇಕ್ ಬಿದ್ದಾಗ ಮುಗ್ಗರಿಸದಂತೆ ಹಿಂದಕ್ಕೆ ಜಗ್ಗುತ್ತದೆ. ನೊಣ ಕಚ್ಚಿದರೂ ಸಾಕು, ಗೊರಸು ಬಡಿಯುತ್ತದೆ. ನಿಂತ ಕುದುರೆಯ ಭಾರದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಮುಂಗಾಲುಗಳ ಮೇಲಿರುತ್ತದೆ. ಹೀಗಾಗಿ ಅದು ಯಾವ ಕಡೆಗೆ ಮುಖ ಮಾಡಿ ನಿಂತಿದೆ, ಎರಡು ಹೆಜ್ಜೆ ಮುಂದಿದೆಯೋ ಹಿಂದಿದೆಯೋ ಎಂಬುದರಿಂದ ಟ್ರೇಲರಿನ ತೂಕದ ಹಂಚಿಕೆಯೇ ಬದಲಾಗುತ್ತದೆ. ಒಂಟಿ ಕುದುರೆಯನ್ನು ರಸ್ತೆಯ ಅಂಚಿನ ಕಡೆಗಲ್ಲದೆ ನಡುವಿನ ಕಡೆಗೆ ನಿಲ್ಲಿಸುವ ರೂಢಿ ಇದರಿಂದಲೇ ಬಂದದ್ದು. ರಸ್ತೆಯ ಬೆನ್ನು ನಡುವೆ ಉಬ್ಬಿ ಅಂಚಿಗೆ ಇಳಿದಿರುವುದರಿಂದ ಅಂಚಿನ ಕಡೆ ಭಾರ ಹೆಚ್ಚಾದರೆ ಟ್ರೇಲರ್ ವಾಲುತ್ತದೆ. ಅಮೆರಿಕದಲ್ಲಿ ಅದು ಎಡ ಅಂಕಣ, ಬ್ರಿಟನ್ನಿನಲ್ಲಿ ಬಲ ಅಂಕಣ. ಎರಡೂ ಕಡೆ ಚಾಲಕ ಕೂರುವ ಬದಿ.

ವಾಹನ ಇಷ್ಟು ಎಳೆಯುತ್ತದೆ ಎಂದು ತಯಾರಕರು ಹೇಳುವ ಅಂಕಿ ಎಲ್ಲಿಂದ ಬರುತ್ತದೆ? ಅಮೆರಿಕದಲ್ಲಿ ಬಹುಕಾಲ ಪ್ರತಿ ಕಂಪನಿಯೂ ತನ್ನದೇ ವಿಧಾನದಿಂದ ಅದನ್ನು ನಿಗದಿ ಮಾಡುತ್ತಿತ್ತು, ಅಂಕಿಗಳ ಪೈಪೋಟಿಯೂ ನಡೆಯುತ್ತಿತ್ತು. ಎಂಜಿನಿಯರುಗಳ ಸಂಘಟನೆಯಾದ ಎಸ್‌ಎಇ ರೂಪಿಸಿದ ಜೆ2807 ಎಂಬ ಮಾನದಂಡ ಇದಕ್ಕೆ ಕಡಿವಾಣ ಹಾಕಿತು. 2011ರ ಮಾದರಿಗಳಿಗೆ ಟೊಯೊಟಾ ಇದನ್ನು ಮೊದಲು ಅಳವಡಿಸಿಕೊಂಡಿತು. ಅದರ ಕೆಲವು ಪಿಕಪ್‌ಗಳ ಅಂಕಿ ನೂರಾರು ಪೌಂಡ್ ಇಳಿಯಿತು. ಉಳಿದ ದೊಡ್ಡ ಕಂಪನಿಗಳು ಕೆಲವು ವರ್ಷ ತಡೆದು ಹಿಂಬಾಲಿಸಿದವು. ಅರಿಜೋನದ ಡೇವಿಸ್ ಅಣೆಕಟ್ಟಿನ ಬಳಿಯಿಂದ ಏರುವ ಸುಮಾರು 18 ಕಿ.ಮೀ. ಉದ್ದದ ಮರುಭೂಮಿ ಘಾಟಿಯನ್ನು ಎಸಿ ಪೂರ್ತಿ ಹಾಕಿಕೊಂಡು, ಗಂಟೆಗೆ 40 ಮೈಲಿಗಿಂತ ಕೆಳಗಿಳಿಯದೆ ಹತ್ತುವುದು ಈ ಪರೀಕ್ಷೆಯ ಒಂದು ಭಾಗ. ನಿಂತಲ್ಲಿಂದ ಹೊರಟು 30 ಸೆಕೆಂಡಿನೊಳಗೆ 60 ಮೈಲಿ ವೇಗ ಮುಟ್ಟುವುದು ಇನ್ನೊಂದು. ಕಡಿದಾದ ಏರಿನಲ್ಲಿ ನಿಂತು ಹೊರಡುವುದು, ಓಲಾಟ ತಣಿಯುವುದು, ನಿಲ್ಲುವ ದೂರ ಇವುಗಳಿಗೂ ಪರೀಕ್ಷೆಗಳಿವೆ. ಇಷ್ಟು ಕಟ್ಟುನಿಟ್ಟಿನ ಪರೀಕ್ಷೆ ಗೆದ್ದ ವಾಹನವನ್ನು ಅನುಮಾನಿಸುವುದೇಕೆ, ಎಂಜಿನಿಯರುಗಳೇ ಉಳಿಕೆ ಇಟ್ಟಿರುತ್ತಾರಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಆ ಅಂಕಿ ಕೊಡುವಾಗ ವಾಹನದೊಳಗೆ ತಲಾ 150 ಪೌಂಡಿನ, ಅಂದರೆ 68 ಕಿ.ಗ್ರಾಂನ, ಇಬ್ಬರು ಮಾತ್ರ ಇದ್ದಾರೆಂದು ಊಹಿಸಲಾಗಿದೆ. ಮಕ್ಕಳು, ನಾಯಿ, ಹಿಂದಿನ ತೊಟ್ಟಿಯಲ್ಲಿ ಮೇವು ಯಾವುದೂ ಇಲ್ಲ. ಪರೀಕ್ಷೆಯ ಹೊರೆ ಕಾಲು ಬದಲಿಸುವುದಿಲ್ಲ, ಬೆಚ್ಚುವುದಿಲ್ಲ. ಪರೀಕ್ಷೆ ಪ್ರಾಮಾಣಿಕವೇ, ಅದು ಉತ್ತರಿಸುವ ಪ್ರಶ್ನೆ ಮಾತ್ರ ಬೇರೆ. ಇದಲ್ಲದೆ ಜಾಹೀರಾತಿನ ಅಂಕಿ ಆ ಹೆಸರಿನ ವಾಹನದ ಅತ್ಯುತ್ತಮ ಆವೃತ್ತಿಗೆ ಸೇರಿದ್ದು. ಅದೇ ಪಿಕಪ್ಪಿನ ಹಿಂದಿನ ಅಚ್ಚಿನ ಗೇರ್ ಅನುಪಾತ 3.73ರ ಬದಲು 3.31 ಆಗಿದ್ದರೆ ಸಾಮರ್ಥ್ಯ ಸಾವಿರಾರು ಪೌಂಡ್ ಇಳಿಯಬಹುದು, ಹೊರಗಿನಿಂದ ನೋಡಿದವರಿಗೆ ಎರಡೂ ಒಂದೇ.

ಎತ್ತಿನ ಗಾಡಿ ಹೇರಿದವರಿಗೆ ಮುಂದಿನ ಲೆಕ್ಕ ವಿವರಿಸಬೇಕಾಗಿಲ್ಲ. ಹೊರೆ ಹಿಂಭಾರವಾದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ; ಮುಂಭಾರವಾದರೆ ನೊಗ ಹೆಗಲನ್ನು ಅದುಮುತ್ತದೆ. ಟ್ರೇಲರಿಗೂ ಮೂಕಿಯಿದೆ, ಅದರ ತುದಿ ಎಳೆಯುವ ವಾಹನದ ಕೊಂಡಿಯ ಗುಂಡಿನ ಮೇಲೆ ಕೂರುತ್ತದೆ. ಅಲ್ಲಿ ಕೆಳಮುಖವಾಗಿ ಬೀಳುವ ಒತ್ತಡವನ್ನು ಮೂಕಿ ಭಾರ ಎನ್ನೋಣ. ಅಮೆರಿಕದ ರೂಢಿಯಲ್ಲಿ ಅದು ಹೇರಿದ ಟ್ರೇಲರಿನ ತೂಕದ ನೂರಕ್ಕೆ 10ರಿಂದ 15 ಪಾಲು ಇರಬೇಕು. ನಮ್ಮ 2,600 ಕಿ.ಗ್ರಾಂಗೆ ಅದು 260ರಿಂದ 390 ಕಿ.ಗ್ರಾಂ. ಈ ಭಾರವನ್ನು ಹೊರುವುದು ಎಳೆಯುವ ವಾಹನದ ಬೆನ್ನು, ಅಂದರೆ ಅದು ಪ್ರಯಾಣಿಕರು ಮತ್ತು ಸಾಮಾನಿನ ತೂಕದ ಜೊತೆಗೇ ಎಣಿಕೆಯಾಗಬೇಕು. ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿದ ಚೀಟಿಯಲ್ಲಿ ಆ ನಿರ್ದಿಷ್ಟ ವಾಹನ ಎಷ್ಟು ಹೊರಬಲ್ಲದೆಂದು ಬರೆದಿರುತ್ತದೆ. ಹಾಫ್ ಟನ್ ಎಂದು ಕರೆಯುವ ಪಿಕಪ್ಪೊಂದರ ಚೀಟಿಯಲ್ಲಿ 700 ಕಿ.ಗ್ರಾಂ ಇದೆ ಎನ್ನೋಣ (ಹೆಸರು ಹಳೆಯ ಕಾಲದ್ದು, ಇಂದಿನ ತೂಕಕ್ಕೂ ಅದಕ್ಕೂ ಸಂಬಂಧ ಉಳಿದಿಲ್ಲ). ಕೊಂಡಿಯ ಉಪಕರಣಕ್ಕೆ 40, ನಾಲ್ವರಿಗೆ 300, ತೊಟ್ಟಿಯಲ್ಲಿನ ಸಾಮಾನಿಗೆ 100 ಕಳೆದರೆ ಉಳಿಯುವುದು 260. ಮೂಕಿ ಭಾರದ ಕನಿಷ್ಠ ಮಿತಿಗೇ ಕೈ ಖಾಲಿ. ನೂರಕ್ಕೆ 12 ಪಾಲಿನ 312 ಕಿ.ಗ್ರಾಂ ಬಂದರೆ ಮಿತಿ ಮೀರಿತು. ಅದೇ ಪಿಕಪ್ಪಿನ ಜಾಹೀರಾತು 4,500 ಕಿ.ಗ್ರಾಂ ಎಳೆಯುತ್ತದೆಂದು ಹೇಳುತ್ತಿದ್ದರೂ ಹೊರುವ ಶಕ್ತಿ 2,600ಕ್ಕೇ ತೀರಿಹೋಗಿರುತ್ತದೆ. ಚರ್ಮದ ಆಸನ, ಗಾಜಿನ ಚಾವಣಿ ಇರುವ ದುಬಾರಿ ಆವೃತ್ತಿಗಳಲ್ಲಿ ಈ ಚೀಟಿಯ ಅಂಕಿ ಇನ್ನೂ ಚಿಕ್ಕದು, ಏಕೆಂದರೆ ಸೇರಿಸಿದ ಸುಖಸಾಧನಗಳ ತೂಕವನ್ನೆಲ್ಲ ಅದರಿಂದಲೇ ಕಳೆಯಲಾಗಿರುತ್ತದೆ. ಹೆಚ್ಚು ಹಣ ಕೊಟ್ಟು ಕಡಿಮೆ ಹೊರುವ ವಾಹನ ಕೊಳ್ಳುವುದು ಈ ವ್ಯಾಪಾರದ ಒಂದು ತಮಾಷೆ.

ಮೂರು ಸಾಲಿನ ಆಸನಗಳ ಕುಟುಂಬ ಎಸ್‌ಯುವಿಗಳ ವಿಷಯದಲ್ಲಿ ಇದೇ ಲೆಕ್ಕ ಇನ್ನಷ್ಟು ಬಿಗಿಯಾಗುತ್ತದೆ. ಟೊಯೊಟಾ ಹೈಲ್ಯಾಂಡರ್, ಹೋಂಡಾ ಪೈಲಟ್‌ಗಳಂಥವು ಅಮೆರಿಕದಲ್ಲಿ ತಕ್ಕ ಸಜ್ಜಿದ್ದರೆ 5,000 ಪೌಂಡ್, ಅಂದರೆ ಸುಮಾರು 2,270 ಕಿ.ಗ್ರಾಂ, ಎಳೆಯಬಲ್ಲವೆಂದು ನಿಗದಿಯಾಗಿವೆ. ಎರಡು ಕುದುರೆಗಳಿಗೆ ಅದು ಸಾಲದು. ಒಂದೇ ಕುದುರೆ ಹಾಕಿದರೆ 2,100 ಕಿ.ಗ್ರಾಂ, ಮಿತಿಯೊಳಗೇ ಇದೆಯಲ್ಲ ಎನ್ನಿಸುತ್ತದೆ. ಆದರೆ ಈ ವರ್ಗದ ವಾಹನಗಳ ಕೊಂಡಿ ಸಾಮಾನ್ಯವಾಗಿ ಹೊರುವುದು 500 ಪೌಂಡ್, ಸುಮಾರು 227 ಕಿ.ಗ್ರಾಂ, 2,100ರ ನೂರಕ್ಕೆ 12 ಪಾಲು 252. ಅದಕ್ಕೂ ಮುಖ್ಯವಾದದ್ದು ಸನ್ನೆಗೋಲಿನ ನಿಯಮ. ಕೊಂಡಿ ಹಿಂದಿನ ಅಚ್ಚಿನ ಹಿಂದೆ ಇರುವುದರಿಂದ ಅಲ್ಲಿ ಒತ್ತಿದಷ್ಟೂ ಮುಂದಿನ ಗಾಲಿಗಳು ಹಗುರವಾಗುತ್ತವೆ. ಅಚ್ಚುಗಳ ನಡುವೆ 3.6 ಮೀಟರ್ ಅಂತರವಿರುವ ಪಿಕಪ್ಪಿನಲ್ಲಿ, ಅಚ್ಚಿನಿಂದ 1.2 ಮೀಟರ್ ಹಿಂದೆ 300 ಕಿ.ಗ್ರಾಂ ಇಟ್ಟರೆ ಮುಂದಿನ ಅಚ್ಚು 100 ಕಿ.ಗ್ರಾಂ ಕಳೆದುಕೊಂಡು ಹಿಂದಿನದು 400 ಹೊರುತ್ತದೆ. ಅಂತರ 2.8 ಮೀಟರ್ ಇದ್ದರೆ ಮುಂದಿನ ನಷ್ಟ ಸುಮಾರು 130. ವಾಹನ ತಿರುಗಿಸುವುದೂ ಬ್ರೇಕಿನ ಹೆಚ್ಚಿನ ಪಾಲು ಹಿಡಿಯುವುದೂ ಮುಂದಿನ ಗಾಲಿಗಳೇ. ಮುಂದಿನ ಗಾಲಿಗಳೇ ಓಡಿಸುವ ವಾಹನವಾದರೆ ಒದ್ದೆ ಹುಲ್ಲಿನ ಮೈದಾನದಿಂದ ಹೊರಬರುವ ಶಕ್ತಿಯೂ ಅವುಗಳದೇ. ಈ ಭಾರವನ್ನು ಭಾಗಶಃ ಮುಂದಕ್ಕೆ ತಳ್ಳಲು ಸ್ಪ್ರಿಂಗ್ ಸರಳುಗಳುಳ್ಳ ಕೊಂಡಿಗಳು ಸಿಗುತ್ತವೆ. ಅವು ತೂಕವನ್ನು ಹಂಚುತ್ತವೆ, ಇಲ್ಲವಾಗಿಸುವುದಿಲ್ಲ. ಕೆಲವು ವಾಹನಗಳ ಕೈಪಿಡಿ ಅವನ್ನು ಕಡ್ಡಾಯ ಮಾಡುತ್ತದೆ, ಕೆಲವು ಬೇಡವೆನ್ನುತ್ತವೆ. ಕೈಪಿಡಿಯ ಆ ಪುಟ ಓದದೆ ವಾಹನ ಕೊಳ್ಳಬಾರದು.

ಹಾಗಾದರೆ ಮೂಕಿ ಭಾರವನ್ನೇ ಕಡಿಮೆ ಮಾಡಿ, ಕುದುರೆಯನ್ನು ಸ್ವಲ್ಪ ಹಿಂದೆ ನಿಲ್ಲಿಸಿದರೆ? ಅಲ್ಲಿ ಇನ್ನೊಂದು ಅಪಾಯ ಕಾದಿದೆ. ಮೂಕಿ ಹಗುರಾದ ಟ್ರೇಲರ್ ವೇಗ ಹೆಚ್ಚಿದಂತೆ ಬಾಲ ಆಡಿಸತೊಡಗುತ್ತದೆ. ಪಕ್ಕದಲ್ಲಿ ದೊಡ್ಡ ಲಾರಿ ಹಾದಾಗಿನ ಗಾಳಿಯೋ ಸ್ಟೀರಿಂಗಿನ ಒಂದು ಗಾಬರಿಯ ತಿರುವೋ ಅದಕ್ಕೆ ಚಾಲನೆ ಕೊಡುತ್ತದೆ. ಪ್ರತಿ ಜೋಡಿಗೂ ಒಂದು ವೇಗದ ಗಡಿಯಿದೆ: ಅದರ ಕೆಳಗೆ ಓಲಾಟ ತಾನೇ ತಣಿಯುತ್ತದೆ, ಮೇಲೆ ತಾನೇ ಬೆಳೆಯುತ್ತದೆ. ಆ ಗಡಿಯನ್ನು ಮೇಲಕ್ಕೆ ಒಯ್ಯುವ ಗುಣಗಳೇ ವಾಹನದಲ್ಲಿ ಹುಡುಕಬೇಕಾದವು. ಅಚ್ಚುಗಳ ನಡುವೆ ಹೆಚ್ಚಿನ ಅಂತರ, ಹಿಂದಿನ ಅಚ್ಚಿನಿಂದ ಕೊಂಡಿಗೆ ಕಡಿಮೆ ದೂರ, ಟ್ರೇಲರಿಗೆ ಹೋಲಿಸಿದರೆ ಹೆಚ್ಚಿನ ಸ್ವಂತ ತೂಕ, ಬದಿಗೆ ಮಣಿಯದ ಗಟ್ಟಿ ಟೈರು. ಟೈರಿನ ವಿಷಯವನ್ನು ಹಲವರು ಮರೆಯುತ್ತಾರೆ. ಅಮೆರಿಕದ ನಿಯಮದಲ್ಲಿ ಕಾರಿಗೆಂದು ಮಾಡಿದ ಟೈರನ್ನು ಪಿಕಪ್ಪಿಗೆ ಹಾಕಿದರೆ ಅದರ ಮೇಲೆ ಬರೆದ ಭಾರವನ್ನು 1.1ರಿಂದ ಭಾಗಿಸಿ ಎಣಿಸಬೇಕು. ಮೆತ್ತಗಿನ ಪಕ್ಕೆಯಿಂದಾಗಿ ಓಲಾಟಕ್ಕೂ ಅದು ಒಲಿಯುತ್ತದೆ. ಪಿಕಪ್ಪಿನ ತೊಟ್ಟಿಯ ನಡುವೆ, ಅಚ್ಚಿನ ನೇರಕ್ಕೇ ಕೊಂಡಿ ಕೂರುವ ಗೂಸ್‌ನೆಕ್ ಟ್ರೇಲರುಗಳು ಇದೇ ಕಾರಣಕ್ಕೆ ಸ್ಥಿರ. ಮೂರು ನಾಲ್ಕು ಕುದುರೆ ಸಾಗಿಸುವವರು ಅವನ್ನೇ ಬಯಸುತ್ತಾರೆ. ಆದರೆ ಅವುಗಳ ಮೂಕಿ ಭಾರ ನೂರಕ್ಕೆ 15ರಿಂದ 25 ಪಾಲು, ಹೀಗಾಗಿ ದೊಡ್ಡ ಪಿಕಪ್ ಅನಿವಾರ್ಯ. ಈಗಿನ ವಾಹನಗಳಲ್ಲಿ ಓಲಾಟವನ್ನು ಪತ್ತೆಹಚ್ಚಿ ಗಾಲಿಗಳಿಗೆ ಬೇರೆಬೇರೆಯಾಗಿ ಬ್ರೇಕ್ ಹಾಕುವ ವ್ಯವಸ್ಥೆ ಇರುವಾಗ ಈ ಹಳೆಯ ಚಿಂತೆಗಳೇಕೆ ಎಂದು ಕೇಳುವವರಿದ್ದಾರೆ. ಆ ವ್ಯವಸ್ಥೆ ಒಳ್ಳೆಯದು, ಇರಲೇಬೇಕು. ಅದು ಕೆಲಸ ಮಾಡುವುದು ಮಾತ್ರ ಓಲಾಟ ಆರಂಭವಾದ ಮೇಲೆ, ಟೈರಿಗೆ ನೆಲದ ಮೇಲೆ ಹಿಡಿತ ಉಳಿದಿರುವ ತನಕ. ಅಷ್ಟು ಹೊತ್ತಿಗೆ ಕುದುರೆ ಬೆದರಿ ಕಾಲು ಬಡಿಯುತ್ತಿರುತ್ತದೆ, ಯಂತ್ರ ಅಳೆಯುವ ಓಲಾಟಕ್ಕೆ ಅದರದೂ ಒಂದು ಪಾಲು ಸೇರಿರುತ್ತದೆ.

ಬ್ರೇಕಿನ ಲೆಕ್ಕ ಸರಳ ಭೌತಶಾಸ್ತ್ರ. ಜನರೊಂದಿಗೆ 2,900 ಕಿ.ಗ್ರಾಂ ತೂಗುವ ಪಿಕಪ್, ಹಿಂದೆ 2,600 ಕಿ.ಗ್ರಾಂ, ಒಟ್ಟು 5,500. ಗಂಟೆಗೆ 90 ಕಿ.ಮೀ. ವೇಗದಲ್ಲಿ ಈ ಜೋಡಿಯ ಚಲನಶಕ್ತಿ ಸುಮಾರು 1.7 ಮೆಗಾಜೂಲ್, ಒಂಟಿ ಪಿಕಪ್ಪಿನ ಹೆಚ್ಚುಕಡಿಮೆ ಎರಡರಷ್ಟು. ವೇಗವನ್ನು 70ಕ್ಕೆ ಇಳಿಸಿದರೆ ಅದು ಸುಮಾರು 1 ಮೆಗಾಜೂಲಿಗೆ ಬರುತ್ತದೆ. ಇಪ್ಪತ್ತು ಕಿಲೋಮೀಟರ್ ವೇಗ ಬಿಟ್ಟುಕೊಟ್ಟವರಿಗೆ ನಿಲ್ಲಿಸುವ ಕೆಲಸದಲ್ಲಿ ನೂರಕ್ಕೆ ನಲವತ್ತು ಪಾಲು ಉಳಿತಾಯ. ಘಾಟಿ ಇಳಿಯುವಾಗಿನ ಸಮಸ್ಯೆ ಬೇರೆ. ನೂರು ಮೀಟರಿಗೆ ಆರು ಮೀಟರ್ ಇಳಿಯುವ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ.ನಂತೆ ಇಳಿದರೆ ಗುರುತ್ವ ಎಡೆಬಿಡದೆ 54 ಕಿಲೋವಾಟ್ ಕೊಡುತ್ತಿರುತ್ತದೆ. ಗಾಳಿ, ಟೈರುಗಳು ಅದರಲ್ಲಿ ಒಂದು ಪಾಲು ನುಂಗಿದರೂ ಉಳಿದದ್ದು ಹತ್ತಾರು ಇಸ್ತ್ರಿ ಪೆಟ್ಟಿಗೆಗಳು ಒಟ್ಟಿಗೆ ಕಾದಷ್ಟು ಶಾಖ. ಅದನ್ನು ಬ್ರೇಕ್ ಪ್ಯಾಡುಗಳಿಗೇ ಬಿಟ್ಟರೆ ಕೆಲವೇ ನಿಮಿಷಗಳಲ್ಲಿ ಅವು ಹಿಡಿತ ಕಳೆದುಕೊಳ್ಳುತ್ತವೆ. ಎಂಜಿನ್ನೇ ತಡೆ ಒಡ್ಡುವಂತೆ ಕೆಳಗಿನ ಗೇರಿನಲ್ಲಿ ಹಿಡಿಯಬಲ್ಲ ಗೇರ್‌ಬಾಕ್ಸ್, ಡೀಸೆಲ್ ಪಿಕಪ್ಪುಗಳಲ್ಲಿನ ಎಕ್ಸಾಸ್ಟ್ ಬ್ರೇಕ್, ಗೇರ್‌ಬಾಕ್ಸಿನ ಎಣ್ಣೆ ತಣಿಸುವ ದೊಡ್ಡ ಕೂಲರ್ ಇವುಗಳ ಬೆಲೆ ಗೊತ್ತಾಗುವುದು ಇಲ್ಲಿಯೇ. ಏರುವಾಗ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಟರ್ಬೊ ಇಲ್ಲದ ಎಂಜಿನ್ ಪ್ರತಿ 300 ಮೀಟರಿಗೆ ಸುಮಾರು ನೂರಕ್ಕೆ 3 ಪಾಲು ಶಕ್ತಿ ಕಳೆದುಕೊಳ್ಳುತ್ತದೆ. ಕೊಲರಾಡೊದಂಥ ಕಡೆ ಟರ್ಬೊ ಎಂಜಿನ್ನಿಗೆ ಬೇಡಿಕೆ ಇರುವುದು ಅದಕ್ಕೇ. ಟ್ರೇಲರಿಗೆ ತನ್ನದೇ ಬ್ರೇಕ್ ಇರಬೇಕೆಂಬುದರ ಬಗ್ಗೆ ಚರ್ಚೆಯಿಲ್ಲ. ಅಮೆರಿಕದ ಹಲವು ರಾಜ್ಯಗಳು 3,000 ಪೌಂಡ್ ದಾಟಿದರೆ ಅದನ್ನು ಕಡ್ಡಾಯ ಮಾಡಿವೆ. ಅಲ್ಲಿ ಬಳಕೆಯಲ್ಲಿರುವ ವಿದ್ಯುತ್ ಬ್ರೇಕನ್ನು ನಿಯಂತ್ರಿಸುವ ಪೆಟ್ಟಿಗೆ ಚಾಲಕನ ಕೈಗೆ ಸಿಗುವಂತಿರಬೇಕು, ವಾಹನ ಎಷ್ಟು ಗಟ್ಟಿಯಾಗಿ ನಿಧಾನಿಸುತ್ತಿದೆಯೋ ಅಷ್ಟೇ ಗಟ್ಟಿಯಾಗಿ ಟ್ರೇಲರನ್ನೂ ಹಿಡಿಯುವ ಬಗೆಯದಾಗಿರಬೇಕು. ವಾಹನ ಎಷ್ಟೇ ಮೆಲ್ಲಗೆ ನಿಧಾನಿಸಿದರೂ ಒಂದೇ ಬಿಗಿಯಲ್ಲಿ ಹಿಡಿಯುವ ಅಗ್ಗದ ಪೆಟ್ಟಿಗೆಗಳು ಕುದುರೆಯನ್ನು ಪ್ರತಿ ಸಿಗ್ನಲ್ಲಿನಲ್ಲೂ ಮುಂದಿನ ತಡೆಗೋಡೆಗೆ ದೂಡುತ್ತವೆ.

ಇಷ್ಟೆಲ್ಲ ವಾದಕ್ಕೆ ಅತಿ ಗಟ್ಟಿಯಾದ ಆಕ್ಷೇಪ ಯುರೋಪಿನಿಂದ ಬರುತ್ತದೆ. ಅಲ್ಲಿನವರು ಸಾಧಾರಣ ಎಸ್‌ಯುವಿಯಲ್ಲಿ, ಕೆಲವೊಮ್ಮೆ ಸ್ಟೇಷನ್ ವ್ಯಾಗನ್ ಕಾರಿನಲ್ಲಿ, ಕುದುರೆ ಎಳೆದುಕೊಂಡು ಹೋಗುತ್ತಾರೆ. ಮೂಕಿ ಭಾರ ನೂರು ಕಿ.ಗ್ರಾಂ ಆಸುಪಾಸು, ನೂರಕ್ಕೆ ನಾಲ್ಕರಿಂದ ಏಳು ಪಾಲು ಅಷ್ಟೇ. ಅಮೆರಿಕದವರ ದೈತ್ಯ ಪಿಕಪ್ ಕೇವಲ ಶೋಕಿಯೇ? ಶೋಕಿಯ ಪಾಲು ಇಲ್ಲವೆನ್ನಲಾಗದು, ಆದರೆ ಹೋಲಿಸುವಾಗ ಇಡೀ ವ್ಯವಸ್ಥೆಯನ್ನು ಹೋಲಿಸಬೇಕು. ಬ್ರಿಟನ್ನಿನ ಎರಡು ಕುದುರೆಯ ಟ್ರೇಲರ್ ಖಾಲಿಯಿದ್ದಾಗ ಸಾವಿರ ಕಿ.ಗ್ರಾಂ ಸುಮಾರಿಗೆ ಇರುತ್ತದೆ. ಗಿಡ್ಡ, ಜೀನಿನ ಕೋಣೆಯಿಲ್ಲ, ಅಚ್ಚುಗಳು ನಡುಮಧ್ಯಕ್ಕೆ ಹತ್ತಿರ. ಬ್ರೇಕ್ ತಾನೇ ಕೆಲಸ ಮಾಡುವಂಥದು: ವಾಹನ ನಿಧಾನಿಸಿದಾಗ ಟ್ರೇಲರ್ ಮುಂದಕ್ಕೆ ಒತ್ತುತ್ತದೆ, ಆ ಒತ್ತಡವೇ ಸರಳಿನ ಮೂಲಕ ಬ್ರೇಕನ್ನು ಎಳೆಯುತ್ತದೆ. ಇಂಥ ಬ್ರೇಕಿನ ಟ್ರೇಲರಿಗೆ ಅಲ್ಲಿ 3,500 ಕಿ.ಗ್ರಾಂ ಮೇಲ್ಮಿತಿ. ಬ್ರಿಟನ್ನಿನಲ್ಲಿ ಟ್ರೇಲರ್ ಎಳೆಯುವವರಿಗೆ ಹೆದ್ದಾರಿಯಲ್ಲಿ ಗಂಟೆಗೆ 60 ಮೈಲಿ, ನಡುವೆ ವಿಭಜಕವಿಲ್ಲದ ರಸ್ತೆಯಲ್ಲಿ 50; ಜರ್ಮನಿಯಲ್ಲಿ ಸಾಮಾನ್ಯವಾಗಿ 80 ಕಿ.ಮೀ., ನಿರ್ದಿಷ್ಟ ಷರತ್ತು ಪೂರೈಸಿದರೆ ಮಾತ್ರ 100. ಅಮೆರಿಕದಲ್ಲಿ ಕ್ಯಾಲಿಫೋರ್ನಿಯದಂಥ ರಾಜ್ಯ 55 ಮೈಲಿಗೆ ಕಟ್ಟಿಹಾಕಿದರೂ ಹಲವು ರಾಜ್ಯಗಳಲ್ಲಿ ಟ್ರೇಲರಿಗೂ ಕಾರಿಗೂ ಒಂದೇ ವೇಗ. ಕಡಿಮೆ ಮೂಕಿ ಭಾರವನ್ನು ಕಡಿಮೆ ವೇಗವೂ ಗಿಡ್ಡ ಟ್ರೇಲರೂ ಸೇರಿ ಸರಿದೂಗಿಸುತ್ತವೆ. ಡೆನ್ಮಾರ್ಕಿನ ಬ್ರೆಂಡೆರುಪ್ ಟ್ರೇಲರುಗಳು ಅದೇ ತಾನಾಗಿ ಹಿಡಿಯುವ ಬ್ರೇಕಿನೊಂದಿಗೆ ಅಮೆರಿಕದಲ್ಲೂ ಮಾರಾಟವಾದವು, ಚಿಕ್ಕ ವಾಹನವೂ ಸಾಕೆಂಬುದೇ ಅವುಗಳ ಆಕರ್ಷಣೆ. ವ್ಯವಸ್ಥೆಯನ್ನು ಪೂರ್ತಿಯಾಗಿ ತಂದರೆ ಅದು ಸಾಧ್ಯವೂ ಹೌದು. ಯುರೋಪಿನ ಚಿಕ್ಕ ಕಾರನ್ನೂ ಅಮೆರಿಕದ ಭಾರಿ ಟ್ರೇಲರನ್ನೂ ಟೆಕ್ಸಸ್ಸಿನ ವೇಗವನ್ನೂ ಒಂದೇ ಕಡೆ ಸೇರಿಸಿದರೆ ಮಾತ್ರ ಮೂರರಲ್ಲಿ ಒಂದರ ರಕ್ಷಣೆಯೂ ಉಳಿಯುವುದಿಲ್ಲ.

ಯುರೋಪಿನೊಳಗೂ ಅಂಕಿಯ ಮೋಹ ಇಲ್ಲವೆಂದಲ್ಲ. ಬ್ರಿಟನ್ನಿನಲ್ಲಿ ಹೊಸಬರಿಗೆ ಹೇಳುವ ಹಳೆಯ ಸೂತ್ರವೊಂದಿದೆ: ಹೇರಿದ ಟ್ರೇಲರಿನ ತೂಕ ಎಳೆಯುವ ಕಾರಿನ ಸ್ವಂತ ತೂಕದ ನೂರಕ್ಕೆ 85 ಪಾಲು ಮೀರದಿರಲಿ. ಅದು ಕಾನೂನಲ್ಲ, ಸಲಹೆ. 2,300 ಕಿ.ಗ್ರಾಂ ತೂಗುವ ದೊಡ್ಡ ಎಸ್‌ಯುವಿ ಕಾನೂನಿನ ಪ್ರಕಾರ 3,500 ಎಳೆಯಬಹುದಾದರೂ ಈ ಸೂತ್ರ 1,955ಕ್ಕೆ ನಿಲ್ಲಿಸುತ್ತದೆ. ಎರಡು ಕುದುರೆ ಹೇರಿದ ಟ್ರೇಲರ್ ಅದನ್ನು ಸ್ವಲ್ಪ ಮೀರುತ್ತದೆ. ಇದೇ ಸೂತ್ರ ಮೊದಲು ಕಾರವಾನುಗಳಿಗೆಂದು ಬಳಕೆಗೆ ಬಂದದ್ದು, ಕುದುರೆಗಳವರಿಗೆ ಅನ್ವಯಿಸದೆಂದು ವಾದಿಸುವವರಿದ್ದಾರೆ. ಕಾರವಾನಿನ ಕುರ್ಚಿ ಮೇಜು ತಾವಾಗಿ ಬದಿ ಬದಲಿಸುವುದಿಲ್ಲವಾದ್ದರಿಂದ ಕುದುರೆಗಳಿಗೆ ಅದು ಇನ್ನೂ ಬಿಗಿಯಾಗಿ ಅನ್ವಯಿಸಬೇಕಲ್ಲವೇ ಎಂಬುದು ಅದಕ್ಕೆ ಉತ್ತರ. 1997ರ ಜನವರಿಯಿಂದ ಬ್ರಿಟನ್ನಿನಲ್ಲಿ ಲೈಸೆನ್ಸ್ ಪಡೆದವರು ಭಾರಿ ಟ್ರೇಲರ್ ಎಳೆಯಲು ಪ್ರತ್ಯೇಕ ಪರೀಕ್ಷೆ ಕೊಡಬೇಕಿತ್ತು. 2021ರ ಡಿಸೆಂಬರ್ 16ರಂದು ಆ ಪರೀಕ್ಷೆ ರದ್ದಾಗಿ ಸಾಮಾನ್ಯ ಕಾರ್ ಲೈಸೆನ್ಸಿನಲ್ಲೇ 3,500 ಕಿ.ಗ್ರಾಂ ಟ್ರೇಲರ್ ಎಳೆಯುವ ಅವಕಾಶ ಸಿಕ್ಕಿತು. ಪರೀಕ್ಷೆಯ ತಡೆ ತೆಗೆದ ಮೇಲೆ ವಾಹನದ ಆಯ್ಕೆಯಲ್ಲಿನ ಎಚ್ಚರದ ಹೊರೆ ಮಾಲೀಕರ ಮೇಲೇ ಬಿದ್ದಿದೆ.

ಆಸ್ಟ್ರೇಲಿಯದಲ್ಲಿ ಫೋರ್ಡ್ ರೇಂಜರ್, ಟೊಯೊಟಾ ಹೈಲಕ್ಸ್‌ನಂಥ ಪಿಕಪ್ಪುಗಳನ್ನು 3,500 ಕಿ.ಗ್ರಾಂ ಎಳೆಯುವವೆಂದು ಮಾರುತ್ತಾರೆ. ಆದರೆ ವಾಹನ ಮತ್ತು ಟ್ರೇಲರ್ ಕೂಡಿದ ಒಟ್ಟು ತೂಕಕ್ಕೂ ಒಂದು ಮಿತಿಯಿದೆ, ಹಲವು ಮಾದರಿಗಳಲ್ಲಿ ಅದು ಎರಡರ ಪ್ರತ್ಯೇಕ ಮಿತಿಗಳ ಮೊತ್ತಕ್ಕಿಂತ ಕಡಿಮೆ. ಪೂರ್ತಿ ಎಳೆಯಬೇಕಾದರೆ ಪೂರ್ತಿ ಹೇರುವಂತಿಲ್ಲ.

ವಿದ್ಯುತ್ ಪಿಕಪ್ಪುಗಳು ಈ ಚರ್ಚೆಗೆ ಹೊಸ ತಿರುವು ಕೊಟ್ಟಿವೆ. ಅಮೆರಿಕದ ರಿವಿಯನ್ ಆರ್1ಟಿಗೆ 11,000 ಪೌಂಡ್, ಫೋರ್ಡ್ ಎಫ್-150 ಲೈಟ್ನಿಂಗಿಗೆ ತಕ್ಕ ಸಜ್ಜಿದ್ದರೆ 10,000 ಪೌಂಡ್ ಎಳೆಯುವ ಮಾನ್ಯತೆಯಿದೆ. ಹೊರಡುವಾಗಿನ ಸೆಳೆತ ನಯ, ಭಾರ ಕೆಳಗಿದೆ, ಇಳಿಜಾರಿನಲ್ಲಿ ಮೋಟಾರೇ ಬ್ರೇಕಾಗಿ ಬ್ಯಾಟರಿ ತುಂಬುತ್ತದೆ. ಹಿಡಿಯುವ ದೃಷ್ಟಿಯಿಂದ ನೋಡಿದರೆ ಇವು ಪೆಟ್ರೋಲ್ ವಾಹನಕ್ಕಿಂತ ಮೇಲು. ತೊಡಕು ಬೇರೆಡೆ ಇದೆ. ಎತ್ತರದ ಟ್ರೇಲರ್ ಎಳೆದಾಗ ಒಂದು ಚಾರ್ಜಿಗೆ ಸಾಗುವ ದೂರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಚಾರ್ಜಿಂಗ್ ಕಟ್ಟೆಗಳಲ್ಲಿ ಅನೇಕವು ಟ್ರೇಲರ್ ಸಮೇತ ನುಗ್ಗಿ ಹೊರಡಲು ಬರುವಂತಿಲ್ಲ. ದೋಣಿ ಎಳೆಯುವವರು ಅದನ್ನು ಬಿಚ್ಚಿ ಪಕ್ಕಕ್ಕಿಟ್ಟು ಚಾರ್ಜ್ ಮಾಡಿಕೊಳ್ಳಬಹುದು. ಕುದುರೆ ಒಳಗಿರುವ ಟ್ರೇಲರನ್ನು ಎಂದೂ ಕೊಂಡಿಯಿಂದ ಬಿಚ್ಚಬಾರದು, ಕುದುರೆ ಒಳಗೆ ಹಿಂದೆ ಸರಿದರೆ ಮೂಕಿ ಮೇಲೆದ್ದು ಇಡೀ ಬಂಡಿ ಹಿಮ್ಮುಖವಾಗಿ ಕುಸಿಯುತ್ತದೆ. ಬಿಸಿಲಿನಲ್ಲಿ ನಿಂತ ಟ್ರೇಲರಿನೊಳಗೆ ಗಾಳಿಯಾಡುವುದೂ ಕಡಿಮೆ. ತಲೆ ಎತ್ತಿ ಕಟ್ಟಿಸಿಕೊಂಡು ಬಹಳ ಹೊತ್ತು ನಿಂತ ಕುದುರೆಗೆ ಶ್ವಾಸಕೋಶದ ಸೋಂಕು ತಗಲುವ ಅಪಾಯ ಪಶುವೈದ್ಯರಿಗೆ ಚೆನ್ನಾಗಿ ಗೊತ್ತು. ಸದ್ಯಕ್ಕೆ ಊರ ಸುತ್ತಿನ ಓಡಾಟಕ್ಕೆ ವಿದ್ಯುತ್ ಪಿಕಪ್ ಒಪ್ಪುತ್ತದೆ, ದೂರಕ್ಕೆ ಒಪ್ಪದು.

ಹಾಗಿದ್ದರೆ ಕೈಗೆ ಸಿಕ್ಕ ಅತಿ ದೊಡ್ಡ ಪಿಕಪ್ ಕೊಂಡುಬಿಟ್ಟರೆ ಮುಗಿಯಿತೇ? ದೊಡ್ಡದು ಮೂಕಿ ಭಾರ, ಬ್ರೇಕು, ತೂಕಗಳ ಮಟ್ಟಿಗೆ ನೆಮ್ಮದಿ ಕೊಡುತ್ತದೆಂಬುದು ನಿಜ. ಆದರೆ ಎತ್ತರದ ಪಿಕಪ್ಪಿಗೆ ಕೊಂಡಿಯನ್ನು ಸರಿಯಾದ ಮಟ್ಟಕ್ಕೆ ಇಳಿಸದಿದ್ದರೆ ಟ್ರೇಲರಿನ ಮೂತಿ ಮೇಲೆದ್ದು ಭಾರ ಹಿಂದಕ್ಕೆ ಸರಿಯುತ್ತದೆ, ಟ್ರೇಲರಿನ ಹಿಂದಿನ ಗಾಲಿಗಳು ಹೆಚ್ಚು ಹೊರುತ್ತವೆ. ಹಿಂದೆ ಏನಿದೆ ಎಂಬುದೇ ಮರೆತುಹೋಗುವಷ್ಟು ಸಲೀಸಾಗಿ ಎಳೆಯುವ ವಾಹನದಲ್ಲಿ ಚಾಲಕ ವೇಗ ಹೆಚ್ಚಿಸುವುದೂ ಸಹಜ, ಆಗ ಗಳಿಸಿದ ಉಳಿಕೆಯೆಲ್ಲ ವೇಗಕ್ಕೇ ಖರ್ಚು. ವರ್ಷಕ್ಕೆ ನಾಲ್ಕೇ ಸಲ, ಹತ್ತು ಮೈಲಿಯೊಳಗೆ ಹೋಗುವವರಿಗೆ ಇಷ್ಟು ಬಂಡವಾಳ ಅತಿಯಲ್ಲವೇ ಎಂಬ ಪ್ರಶ್ನೆ ನ್ಯಾಯವಾದದ್ದು. ಅವರಿಗೆ ಬಾಡಿಗೆಯ ವಾಹನ, ವೃತ್ತಿಪರ ಸಾಗಣೆದಾರರು ಹೆಚ್ಚು ಅಗ್ಗ. ಮಿತಿ ಮೀರಿದ ಸ್ವಂತ ಕಾರು ಮಾತ್ರ ಅದಕ್ಕೆ ಪರಿಹಾರವಾಗದು. ಬ್ರಿಟನ್ನಿನಲ್ಲಿ ಕೆಲವರು ಟ್ರೇಲರಿನ ಸಹವಾಸವೇ ಬೇಡವೆಂದು ಕುದುರೆ ನಿಲ್ಲಿಸುವ ಅಂಕಣ ಕಟ್ಟಿದ 3.5 ಟನ್ನಿನ ವ್ಯಾನ್ ಕೊಳ್ಳುತ್ತಾರೆ. ಓಲಾಟದ ಚಿಂತೆ ತಪ್ಪುತ್ತದೆ, ತೂಕದ ಚಿಂತೆ ತಪ್ಪುವುದಿಲ್ಲ. ಅಂಥ ವ್ಯಾನುಗಳಲ್ಲಿ ಹೇರಲು ಉಳಿಯುವುದು ಸುಮಾರು ಒಂದು ಟನ್ನು, ಎರಡು ಮಧ್ಯಮ ಕುದುರೆ ಹತ್ತಿದರೆ ಜೀನಿಗೂ ಸವಾರರಿಗೂ ಜಾಗ ಇದ್ದರೂ ತೂಕ ಇರುವುದಿಲ್ಲ.

ಭಾರತದಲ್ಲಿ ಪ್ರಶ್ನೆ ಬೇರೆ ರೂಪದಲ್ಲಿದೆ. ಕುಣಿಗಲ್ ಕುದುರೆ ಫಾರಂನಿಂದ ಆಗಲಿ, ಬೆಂಗಳೂರು ಮೈಸೂರುಗಳ ರೇಸ್ ಕೋರ್ಸುಗಳ ನಡುವೆ ಆಗಲಿ, ಪಂದ್ಯದ ಕುದುರೆಗಳು ಸಾಮಾನ್ಯವಾಗಿ ಹೋಗುವುದು ಅಂಕಣ ಕಟ್ಟಿದ ಲಾರಿಗಳಲ್ಲಿ. ಕುದುರೆ ಸಾಗಣೆಗೆ 1978ರ ಪ್ರಾಣಿಗಳ ಸಾಗಣೆ ನಿಯಮಗಳಲ್ಲಿ ಪ್ರತ್ಯೇಕ ಭಾಗವೇ ಇದೆ. ಲಾರಿಗೆ ಮೂಕಿಯಿಲ್ಲ, ಓಲಾಡುವ ಬಾಲವಿಲ್ಲ. ಕಾರಿಗೆ ಟ್ರೇಲರ್ ಕಟ್ಟುವ ರೂಢಿ ಇಲ್ಲಿ ಬೇರೂರದಿರುವುದಕ್ಕೆ ರಸ್ತೆಯುಬ್ಬು, ಕಿರಿದಾದ ದಾರಿ, ಹೊರಳಿಸಲು ಜಾಗವಿಲ್ಲದ ಊರುಗಳು, ಇಷ್ಟೇ ಕಾರಣ ಸಾಕು. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ನೆಲೆಸಿ ಮಕ್ಕಳ ಸವಾರಿಗೆಂದು ಕುದುರೆ ಕೊಳ್ಳುವ ಕನ್ನಡಿಗರಿಗೆ ಊರಿನ ಅನುಭವ ಈ ವಿಷಯದಲ್ಲಿ ನೆರವಿಗೆ ಬಾರದು, ಎತ್ತಿನ ಗಾಡಿಯ ಮುಂಭಾರ ಹಿಂಭಾರದ ತಿಳಿವಳಿಕೆ ಮಾತ್ರ ಬಂದೀತು.

ಕೊಳ್ಳುವ ಮುನ್ನ ಇಡೀ ಲೆಕ್ಕವನ್ನು ಪರೀಕ್ಷಿಸುವ ಬಗೆ ಒಂದೇ, ಅದು ತೂಕ. ಅಮೆರಿಕದ ಹೆದ್ದಾರಿಗಳ ಲಾರಿ ತಂಗುದಾಣಗಳಲ್ಲಿ ಅಚ್ಚುಗಳನ್ನು ಒಂದೇ ಸಲಕ್ಕೆ ಬೇರೆಬೇರೆಯಾಗಿ ತೂಗುವ ಕ್ಯಾಟ್ ಸ್ಕೇಲ್‌ಗಳಿವೆ. ಮೊದಲು ಜನ, ಸಾಮಾನು, ಪೂರ್ತಿ ಇಂಧನದೊಂದಿಗೆ ವಾಹನ ಮಾತ್ರ ನಿಲ್ಲಿಸಿ ಮುಂದಿನ ಮತ್ತು ಹಿಂದಿನ ಅಚ್ಚುಗಳ ತೂಕ ಬರೆದುಕೊಳ್ಳಬೇಕು. ಆಮೇಲೆ ಕುದುರೆ ಹೇರಿದ ಟ್ರೇಲರ್ ಕಟ್ಟಿಕೊಂಡು ಬಂದು ಮೂರು ಅಂಕಿ ಪಡೆಯಬೇಕು. ವಾಹನದ ಎರಡು ಅಚ್ಚುಗಳ ಮೊತ್ತ ಎಷ್ಟು ಹೆಚ್ಚಿತೋ ಅದೇ ಮೂಕಿ ಭಾರ. ಮುಂದಿನ ಅಚ್ಚು ಎಷ್ಟು ಕಳೆದುಕೊಂಡಿತು, ಹಿಂದಿನದು ಬಾಗಿಲ ಚೀಟಿಯ ಮಿತಿಯೊಳಗಿದೆಯೇ, ಟ್ರೇಲರಿನ ಗಾಲಿಗಳು ತಮ್ಮ ಟೈರಿನ ಮೇಲೆ ಬರೆದಷ್ಟನ್ನೇ ಹೊತ್ತಿವೆಯೇ ಎಂಬುದೂ ಅದೇ ಚೀಟಿಯಿಂದ ಗೊತ್ತಾಗುತ್ತದೆ. ಎರಡನೆಯ ಸಲ ತೂಗುವಾಗ ಅಂಕಿ ಒಂದೇ ಕಡೆ ನಿಲ್ಲದೆ ಅತ್ತಿತ್ತ ಸರಿದರೆ ಯಂತ್ರ ಕೆಟ್ಟಿಲ್ಲ, ಒಳಗೆ ಕುದುರೆ ಕಾಲು ಬದಲಿಸುತ್ತಿದೆ. ಆಗ ಹಿಂದಿನ ಅಚ್ಚಿನ ಅತಿ ದೊಡ್ಡ ಅಂಕಿಯನ್ನು ಬರೆದುಕೊಳ್ಳಬೇಕು.